ಕಡಲಬೀರನ ಅಕ್ಕ

ಕಾಪು
14 ಸೆಪ್ಟೆಂಬರ್ 2025

ಪ್ರೀತಿಯ ಸುಕೇಶಾ,

ನಿನ್ನ ಗ್ಯಾಸ್ಟ್ರಿಕ್ ಹೇಗಿದೆ? ಮುಂಬಯಿಯಲ್ಲಿ ಹೊತ್ತು ಹೊತ್ತಿಗೆ ಉಣ್ಣುತ್ತೀಯೋ, ಚಹಾ ಕುಡಿದೇ ದಿನ ದೂಡುತ್ತೀಯೋ? ಚೈತಾಲಿಯ ವಾಂತಿ ಕಡಿಮೆಯಾಯಿತೇ? ಅವಳು ಬಸುರಿ ಎಂಬ ಸುದ್ದಿಯನ್ನು ನೀನು ಮೊದಲು ಹೇಳಿದ್ದು ನಿನ್ನ ಭಾವನಿಗೆ, ಅಕ್ಕನಿಗೆ ಅಲ್ಲ. ಅದನ್ನು ನಾನು ಮನಸ್ಸಿಗೆ ಹಚ್ಚಿಕೊಂಡಿಲ್ಲ, ಸುಮ್ಮನೆ ಬರೆದೆ. ಇಲ್ಲಿ ಎಲ್ಲರೂ ಸೌಖ್ಯ. ಬಂಗುಡೆ ಚೆನ್ನಾಗಿ ಸಿಗುತ್ತಿರುವುದರಿಂದ ಭಾವನಿಗೆ ಮಲ್ಪೆಯ ಐಸ್ ಪ್ಲಾಂಟಿನಲ್ಲಿ ಬಿಡುವೇ ಇಲ್ಲ. ನನ್ನ ಅತ್ತೆಯ ಮೊಣಕಾಲಿಗೆ ಮಾತ್ರ ಸೋಲು, ನಾಲಗೆ ಮೊದಲಿನಷ್ಟೇ ಗಟ್ಟಿ. ನಿನ್ನ ಅಳಿಯ ಕೀರ್ತನ್ ಕಾಲೇಜಿಗೆ ಹೋಗಿ ಬರುತ್ತಿದ್ದಾನೆ, ಓದುತ್ತಾನೆಂದು ನಾವು ನಂಬಿದ್ದೇವೆ.

ಫೋನು ಇರುವಾಗ ಅಕ್ಕ ಕಾಗದ ಯಾಕೆ ಬರೆದಳು ಎಂದು ನೀನು ನಗಬಹುದು. ಫೋನಿನಲ್ಲಿ ಮಾತಾಡಿದರೆ ನೀನು ಸ್ಪೀಕರಿಗೆ ಹಾಕುತ್ತೀ, ವಾಟ್ಸಾಪಿನಲ್ಲಿ ಧ್ವನಿ ಕಳಿಸಿದರೆ ಇಬ್ಬರೂ ಕೂತು ಕೇಳುತ್ತೀರಿ. ಚೈತಾಲಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ನಾಗಪುರದ ಹುಡುಗಿ ಅಷ್ಟು ಕಲಿತದ್ದೇ ದೊಡ್ಡದು, ಒಪ್ಪುತ್ತೇನೆ. ಆದರೆ ನಿನಗೊಬ್ಬನಿಗೇ ಏನಾದರೂ ಹೇಳಬೇಕಾದರೆ ನನಗೆ ಉಳಿದ ದಾರಿ ಇದೊಂದೇ. ಇದನ್ನು ನೀನೊಬ್ಬನೇ ಓದು.

ಸಿನಿಮಾ ನೋಡಿದೆವು. ಮೊದಲ ಆದಿತ್ಯವಾರವೇ ಮಣಿಪಾಲಕ್ಕೆ ಹೋಗಿ ನೋಡಿದೆವು. ನಿನ್ನ ‘ಕಡಲಬೀರ’ ಅಷ್ಟು ದೊಡ್ಡ ಪರದೆಯ ಮೇಲೆ ಬಂದಾಗ ನನ್ನ ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ. ನಾನು ಹಳೆಯ ಕಾಮಿಕ್ ಪುಸ್ತಕಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಹೋಗಿದ್ದೆ. ಕಾರ್ಕಳದ ಪ್ರೆಸ್ಸಿನಲ್ಲಿ ನೀನು ಮೊದಲು ಅಚ್ಚು ಹಾಕಿಸಿದ್ದು, ಮುಟ್ಟಿದರೆ ಕೈಗೆ ಶಾಯಿ ಅಂಟುವ ಆ ಪುಸ್ತಕವೂ ಅದರಲ್ಲಿತ್ತು. ಕತ್ತಲೆಯಲ್ಲಿ ಮೊಬೈಲ್ ಟಾರ್ಚ್ ಹಾಕಿ ಒಂದೊಂದೇ ಚಿತ್ರವನ್ನು ಪರದೆಗೆ ತಾಳೆ ನೋಡುತ್ತಿದ್ದೆ. ನಮ್ಮ ಪಕ್ಕದ ಮನೆಯ ಜೆರ್ಟ್ರೂಡ್ ಬಾಯಿಯೂ ಜೊತೆಗೆ ಬಂದಿದ್ದರು. ಅವರು ನನ್ನ ಕೈ ಹಿಡಿದು “ಎಂತ ವಿಜೇತಾ, ಪರೀಕ್ಷೆ ಪೇಪರ್ ತಿದ್ದುವುದಾ? ಲೈಟ್ ಆಫ್ ಮಾಡು ಮಾರಾಯ್ತಿ” ಎಂದು ಬೈದರು. ನಾನು ಆಫ್ ಮಾಡಲಿಲ್ಲ.

ಹೌದು, ತಿದ್ದಲು ಏನೂ ಇರಲಿಲ್ಲ, ಅದೇ ನನ್ನ ಕಷ್ಟ. ಕಾಪು ದೀಪಸ್ತಂಭದ ಬೆಳಕು ಬಲೆ ಹೆಣೆಯುವ ಹುಡುಗನ ಬೆನ್ನ ಮೇಲೆ ಬಿದ್ದು ಅವನು ಕಡಲಬೀರನಾಗಿ ಮೇಲಕ್ಕೆ ಏಳುವುದು, ನೀನು ಬರೆದ ಹಾಗೆಯೇ, ಎಡಗಾಲು ಮೊದಲು. ಮೀನು ಮಾರುವ ಜೋಕಿಮನ ಸ್ಕೂಟರಿನ ಒಡೆದ ಹಾರ್ನ್ ಕೂಡ ಹಾಗೆಯೇ. ಮುಖವಾಡದ ಅಂಚಿನಲ್ಲಿ ಅಮ್ಮನ ಸೀರೆಯ ಸರಿಗೆಯೂ ಹಾಗೆಯೇ. ಹೊರಗೆ ಬರುವಾಗ ಎಲ್ಲರ ಬಾಯಲ್ಲಿಯೂ ಒಂದೇ ಮಾತು: ಪುಸ್ತಕಕ್ಕೆ ಇಷ್ಟು ನಿಯತ್ತಿನ ಸಿನಿಮಾ ಇನ್ನೊಂದು ಬಂದಿಲ್ಲವಂತೆ. ಹಾರ್ನಿಗೆ ಸಿಕ್ಕಿದ ನಿಯತ್ತು ಅಕ್ಕನಿಗೆ ಸಿಗಲಿಲ್ಲ.

ಸುಕೇಶಾ, ಕಡಲಬೀರನಿಗೆ ಒಬ್ಬಳು ಅಕ್ಕ ಇದ್ದಳಲ್ಲ? ಮುಖವಾಡ ಹೊಲಿದವಳು ಅವಳು. ಅವನು ಗಾಯ ಮಾಡಿಕೊಂಡು ಬಂದರೆ ಮೊದಲು ಬೈದು ಆಮೇಲೆ ಮುಲಾಮು ಹಚ್ಚುವವಳು ಅವಳು. “ಊಟ ಮಾಡಿ ಹೋಗು ಮಾರಾಯಾ, ಕಳ್ಳ ಎಲ್ಲಿಗೂ ಓಡಿ ಹೋಗುವುದಿಲ್ಲ” ಎನ್ನುವವಳು ಅವಳು. ಆ ಮಾತು ಯಾರದ್ದು ಎಂದು ನಿನಗೆ ಗೊತ್ತುಂಟು. ನಾನು ಕಥೆ ಹೇಳುತ್ತಾ ಒಲೆಯ ಮುಂದೆ ಕೂತಿರುತ್ತಿದ್ದೆ, ನೀನು ನೆಲದಲ್ಲಿ ಕವುಚಿ ಮಲಗಿ ಚಿತ್ರ ಬರೆಯುತ್ತಿದ್ದೆ. ಸಿನಿಮಾದಲ್ಲಿ ಅಕ್ಕನೇ ಇಲ್ಲ. ಮುಖವಾಡ ಹೊಲಿಯುವವಳು ಪ್ರೇಯಸಿ. ಬೈಯುವವಳೂ ಪ್ರೇಯಸಿ, ಮುಲಾಮು ಹಚ್ಚುವವಳೂ ಪ್ರೇಯಸಿ. ನನ್ನ ಆ ಮಾತನ್ನು ಕೂಡ ಅವಳೇ ಹೇಳಿದಳು, ಅದೂ ಕೂದಲು ಬಿಟ್ಟುಕೊಂಡು, ಗಾಳಿಯಲ್ಲಿ ನಿಂತು. ಥಿಯೇಟರಿನಲ್ಲಿ ಶಿಳ್ಳೆ ಹೊಡೆದರು. ನನ್ನ ಮಾತಿಗೆ ಬಿದ್ದ ಶಿಳ್ಳೆ ಇನ್ನೊಬ್ಬಳ ಲೆಕ್ಕಕ್ಕೆ ಹೋಯಿತು.

ಕಥೆಯನ್ನು ಸಿನಿಮಾಕ್ಕೆ ಬರೆದವಳು ಚೈತಾಲಿ ಎಂದು ಮೊದಲೇ ಪರದೆಯಲ್ಲಿ ಬಂದಿತ್ತು. ಶೂಟಿಂಗಿನ ಮೊದಲು ಅವಳು ನಮ್ಮಲ್ಲಿಗೆ ಬಂದು ಉಳಿದದ್ದು ನೆನಪುಂಟಾ? ಅಡಿಗೆಮನೆಯಲ್ಲಿ ಕಾಲು ಮಡಚಿ ಕೂತು, ನೀರುದೋಸೆ ತಿನ್ನುತ್ತಾ, ನಾನು ನಿನ್ನನ್ನು ಹೇಗೆ ಬೈಯುತ್ತಿದ್ದೆ, ಹೇಗೆ ಉಣ್ಣಿಸುತ್ತಿದ್ದೆ ಎಂದು ಕೇಳಿದ್ದೇ ಕೇಳಿದ್ದು. ನಾನು ಪೆದ್ದಿ, ಎಲ್ಲವನ್ನೂ ಹೇಳಿದೆ. ಅಕ್ಕನ ಪಾತ್ರಕ್ಕೆ ಎಂದುಕೊಂಡು ದೋಸೆಗೆ ಇನ್ನೊಂದು ಚಮಚ ತುಪ್ಪ ಹಾಕಿದೆ. ಅವಳು ನನ್ನನ್ನು ಬಿಚ್ಚಿ ತನ್ನ ಅಳತೆಗೆ ಹೊಲಿದುಕೊಂಡಳು. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ನೀನು ಪುಸ್ತಕದಲ್ಲಿ ಕೊಟ್ಟದ್ದನ್ನು ಅವಳು ಸಿನಿಮಾದಲ್ಲಿ ಕೊಡಲಿಲ್ಲ. ನನಗೆ ಹೊಟ್ಟೆಕಿಚ್ಚು ಎಂದು ಭಾವ ಹೇಳುತ್ತಾರೆ. ಹೌದು, ಹೊಟ್ಟೆಕಿಚ್ಚೇ. ನಿಮ್ಮ ಮದುವೆ ಮುಂಬಯಿಯ ರಿಜಿಸ್ಟರ್ ಆಫೀಸಿನಲ್ಲಿ ಆದಾಗಲೇ ಒಲೆ ಹತ್ತಿತ್ತು. ತಮ್ಮನ ದಿಬ್ಬಣದ ಮುಂದೆ ಕಲಶ ಹಿಡಿದು ನಡೆಯಬೇಕೆಂದು ನಾನು ತೆಗೆದಿಟ್ಟ ಸೀರೆ ಇನ್ನೂ ಮಡಿಕೆ ಬಿಚ್ಚದೆ ಉಂಟು.

ಅಷ್ಟಾದರೂ ನುಂಗಿಕೊಳ್ಳುತ್ತಿದ್ದೆ. ಕೊನೆಯದನ್ನು ಮಾತ್ರ ನುಂಗಲಿಕ್ಕೆ ಆಗಲಿಲ್ಲ. ಪುಸ್ತಕದ ಕೊನೆಯಲ್ಲಿ ಕಡಲಬೀರ ಮುಖವಾಡವನ್ನು ಯಾರಿಗೆ ಕೊಡುತ್ತಾನೆ? ಅಕ್ಕನ ಮಗನಿಗೆ, ತನ್ನ ಅಳಿಯನಿಗೆ. ನಮ್ಮ ಅಳಿಯಕಟ್ಟೇ ಹಾಗೆ, ಮಾವನದ್ದು ಅಳಿಯನಿಗೆ. ಬಳಿ ಎಂಬ ಕುಲದ ಹೆಸರು ಬರುವುದು ತಾಯಿಯಿಂದ, ಮನೆತನ ಉಳಿಯುವುದು ಅಕ್ಕತಂಗಿಯರಿಂದ. ಸಿನಿಮಾದಲ್ಲಿ ಅಕ್ಕನೇ ಇಲ್ಲದ ಮೇಲೆ ಅಳಿಯ ಎಲ್ಲಿಂದ ಬರಬೇಕು? ಕಡಲಬೀರ ತೊಟ್ಟಿಲ ಮೇಲೆ ಬಗ್ಗಿ ತನ್ನ ಮಗನ ಮುಖಕ್ಕೆ ಮುಖವಾಡ ಇಟ್ಟ. ಎಲ್ಲರೂ ಚಪ್ಪಾಳೆ ತಟ್ಟಿದರು. ನಮ್ಮ ಹಿಂದಿನ ಸಾಲಿನಲ್ಲಿ ಕಾರ್ಕಳದ ಕಡೆಯ ಅಜ್ಜ ಒಬ್ಬರು ಇದ್ದರು, ಅವರು ಮಾತ್ರ ಗಟ್ಟಿಯಾಗಿ “ಇದೆಂತದ್ದು, ಮಗನಿಗೆ ಕೊಟ್ಟದ್ದಾ? ಇವನಿಗೆ ಅಳಿಯ ಇಲ್ವಾ?” ಎಂದು ಕೇಳಿದರು. ಎದ್ದು ಹೋಗಿ ಅವರ ಕಾಲು ಹಿಡಿಯೋಣ ಎನಿಸಿತು. ಸಣ್ಣವನಿರುವಾಗ ಆ ಕೊನೆಯ ಪುಟ ತನ್ನದು ಎಂದು ಕೀರ್ತನ್ ಎಷ್ಟು ಜನರಿಗೆ ತೋರಿಸಿಲ್ಲ? ಕಾರಿನಲ್ಲಿ ಬರುವಾಗ “ಮಾವನ ಸಿನಿಮಾ ಚಂದ ಉಂಟಮ್ಮ” ಎಂದ. ಆ ಒಂದು ಮಾತು ಕೇಳಿ ನನಗೆ ಉಚ್ಚಿಲ ದಾಟಿ ನೆಂಟರ ಮನೆಗೆ ಹೋಗುವ ಮನಸ್ಸೇ ಹೋಯಿತು, ಕಾರು ಸೀದಾ ಮನೆಗೆ ತಿರುಗಿಸಲು ಹೇಳಿದೆ.

ಮನೆಗೆ ಬಂದು ಯೋಚಿಸಿದೆ. ಚೈತಾಲಿಗೆ ಕನ್ನಡ ಓದಲು ಬರುವುದಿಲ್ಲವಲ್ಲ, ಹಾಗಾದರೆ ಪುಸ್ತಕವನ್ನು ಅವಳಿಗೆ ಓದಿ ಹೇಳಿದವರು ಯಾರು? ನೀನೇ. ದೀಪಸ್ತಂಭ, ಎಡಗಾಲು, ಹಾರ್ನ್ ಎಲ್ಲವನ್ನೂ ಬಿಡದೆ ಓದಿದೆ. ಅಕ್ಕನ ಪುಟಗಳು ಬಂದಾಗ ಏನು ಮಾಡಿದೆ, ತಮ್ಮಾ? ಹಾರಿಸಿದೆಯಾ? ಅವಳಿಗೆ ನೋವಾಗಬಾರದು, ತಾನೇ ಎಲ್ಲ ಎಂದು ಅವಳಿಗೆ ಅನಿಸಲಿ ಎಂದು ಹಾರಿಸಿದೆಯಾ? ಇಷ್ಟು ದಿನ ಅವಳ ಮೇಲೆ ಹಲ್ಲು ಮಸೆದೆನಲ್ಲ, ತಾನು ಕೇಳಿಯೇ ಇಲ್ಲದ ಅಕ್ಕನನ್ನು ಅವಳು ಬಿಡುವುದಾದರೂ ಹೇಗೆ? ಅವಳ ಮೇಲಿನ ಸಿಟ್ಟು ಅರ್ಧ ಇಳಿಯಿತು, ಆ ಅರ್ಧ ನಿನ್ನ ಮೇಲೆ ಏರಿತು. ಒಟ್ಟು ಸಿಟ್ಟು ಕಡಿಮೆಯಾಗಲಿಲ್ಲ.

ಹೊತ್ತು ಹೊತ್ತಿಗೆ ಉಣ್ಣು. ಬಸುರಿಗೆ ಹುಳಿ ತಿನ್ನುವ ಆಸೆ ಇದ್ದರೆ ತಿನ್ನಲಿ, ತಡೆಯಬೇಡ. ಅಮ್ಮ ಇದ್ದಿದ್ದರೆ ನಿಮ್ಮಿಬ್ಬರಿಗೂ ಏನು ಹರಸುತ್ತಿದ್ದಳೋ ಅದನ್ನೇ ಹರಸಿ,

ನಿನ್ನ ಪುಸ್ತಕದಲ್ಲಿ ಇನ್ನೂ ಇರುವ ಅಕ್ಕ,
ವಿಜೇತಾ

ಮರೆತಿದ್ದೆ, ಭಾವ ಕಾಗದ ಪೋಸ್ಟಿಗೆ ಹಾಕಲು ಬೈಕಿನ ಮೇಲೆ ಕೂತಾಗಿದೆ, ಬೇಗ ಬರೆಯುತ್ತೇನೆ. ಬಳಿ ತಾಯಿಯಿಂದ ಬರುವುದಾದರೆ ಹುಟ್ಟುವ ಮಗುವಿಗೆ ಬಳಿ ಯಾವುದು? ನಾಗಪುರದಿಂದ ಯಾವ ಬಳಿ ಬರಬೇಕು? ನಾಳೆ ಮನೆಯ ದೈವದ ಮುಂದೆ ಮಗು ಯಾರ ಹೆಸರು ಹೇಳಿ ನಿಲ್ಲಬೇಕು? ನಮ್ಮ ಬಳಿಗೆ ಅವಳನ್ನು ಸೇರಿಸುವ ಹಾಗಿಲ್ಲ, ಒಂದೇ ಬಳಿಯಾದರೆ ನೀವಿಬ್ಬರೂ ಅಣ್ಣತಂಗಿ ಆಗುತ್ತೀರಿ. ಅದಕ್ಕೆ ನಾನು ಅತ್ತೆಯ ಹತ್ತಿರ ಮಾತಾಡಿದ್ದೇನೆ. ದೀಪಾವಳಿ ಕಳೆದು ದೈವಕ್ಕೆ ತಂಬಿಲದ ಪೂಜೆ ಕೊಡುವ ದಿನ ಹಿರಿಯರ ಎದುರು ಅತ್ತೆ ಚೈತಾಲಿಯನ್ನು ತನ್ನ ಮಗಳೆಂದು ತನ್ನ ಬಳಿಗೆ ಸೇರಿಸಿಕೊಳ್ಳುತ್ತಾರೆ. “ಹೆಣ್ಣು ಮಗಳಿಲ್ಲ ಎಂಬ ಕೊರತೆ ನನಗೂ ಇತ್ತಲ್ಲ” ಎಂದರು. ಅಲ್ಲಿಗೆ ಚೈತಾಲಿ ನಿನ್ನ ಭಾವನಿಗೆ ತಂಗಿ, ನಿನ್ನ ಮಗು ಭಾವನಿಗೆ ಅಳಿಯನೋ ಸೊಸೆಯೋ. ಸಿನಿಮಾದಲ್ಲಿ ಮುಖವಾಡ ಪಡೆದ ಮಗು ಈಗ ನಮ್ಮ ಕಟ್ಟಿನ ಪ್ರಕಾರವೂ ಅಳಿಯನೇ ಆಯಿತು, ಕಾರ್ಕಳದ ಅಜ್ಜನಿಗೂ ತಕರಾರು ಇರುವುದಿಲ್ಲ. ನಾನು ಹೊಲಿದ ಮೊದಲ ಮುಖವಾಡ ನನ್ನ ಹತ್ತಿರವೇ ಉಂಟು, ಕಳಿಸುವುದಿಲ್ಲ. ಬಂದು ನನ್ನ ಕೈಯಿಂದಲೇ ತೆಗೆದುಕೊಳ್ಳಬೇಕು, ಊಟ ಮಾಡಿಯೇ ಹೋಗಬೇಕು. ನೀನೊಬ್ಬನೇ ಓದು ಎಂದು ಮೇಲೆ ಬರೆದದ್ದನ್ನು ಹೊಡೆದು ಹಾಕು. ಈ ಕಾಗದವನ್ನು ಚೈತಾಲಿಗೆ ಓದಿ ಹೇಳು, ನನ್ನ ಬೈಗುಳ ಸಮೇತ. ಈ ಸಲ ಅಕ್ಕನ ಒಂದು ಸಾಲನ್ನೂ ಹಾರಿಸಬೇಡ.