ನನ್ನ ಶಾರ್ಟ್‌ಕಟ್, ಅವಳ ಹೆಸರು

20 ಜನವರಿ 2025, ಸೋಮವಾರ. ಸಂಜೆ 6.20, ರಬಾಳೆ ಸ್ಟೇಷನ್

ಒಂದು ಟ್ರೇನ್ ಬಿಟ್ಟೆ. ನಿಲ್ಲೋಕೂ ಜಾಗ ಇರಲಿಲ್ಲ. ಬೆಂಚ್ ಮೇಲೆ ಕೂತು ಬರೀತಿದ್ದೇನೆ. ಇವತ್ತಿನ ಕಂಪ್ಲೇಂಟು ಹನ್ನೊಂದು — ಆರು ಪಾಸ್‌ವರ್ಡ್ ಮರೆತವರದು, ಮೂರು ಪ್ರಿಂಟರ್, ತುರ್ಭೆ ಗೋಡೌನಿನ ಸ್ಕ್ಯಾನರ್, ಒಂದು ಮೌಸ್. ಮೌಸಿನ ಸೆಲ್ ಮುಗಿದಿತ್ತು, ಅಷ್ಟೇ. ಅದಕ್ಕೆ ಎರಡು ಸಲ ಫೋನ್.

ನಾಲ್ಕಕ್ಕೆ ನಮ್ಮ ಮ್ಯಾನೇಜರ್ ಸಂದೇಶ್ ಸರ್ ಪೇಡೆ ಹಂಚಿದರು. ನಮ್ಮ ಐಟಿ ಟೀಮಿನ ಶರ್ಮಿಳಾಗೋಸ್ಕರ. ಕಂಪನಿಯ ಮುನ್ನೂರು ಕಂಪ್ಯೂಟರಿನಲ್ಲೂ ಒಂದು ರಿಮೋಟ್ ಸಾಫ್ಟ್‌ವೇರ್ ಇದೆ. ರಬಾಳೆಯ ಆಫೀಸಿನಲ್ಲಿ ಕೂತು ತುರ್ಭೆ ಗೋಡೌನಿನ ಸ್ಕ್ರೀನ್ ನೋಡಿ ಸರಿ ಮಾಡೋದು. ಅದರಲ್ಲಿ ಅವಳು ತೂತು ಕಂಡುಹಿಡಿದಳಂತೆ. ಸಾದಾ ಕ್ಲರ್ಕ್ ಲಾಗಿನ್ನಿನಿಂದ ಒಳಗೆ ಹೋದವರೂ ಅಡ್ಮಿನ್ ಆಗಿಬಿಡಬಹುದಂತೆ. ಸಾಫ್ಟ್‌ವೇರ್ ಮಾಡಿದವರು ಹೌದು ಅಂತ ಒಪ್ಪಿ, ವೆಬ್‌ಸೈಟಿನಲ್ಲಿ ಥ್ಯಾಂಕ್ಸ್ ಹಾಕಿದ್ದಾರೆ. ಹೆಸರು ಸಮೇತ.

ತೂತು! 'ರಿಪೇರಿ' ಬಟನ್ ಒತ್ತಿ, ಅದು ನಡೆಯುವಾಗ ನಡುವೆ ತಡೆದರೆ ಮಷೀನು ನಮ್ಮನ್ನೇ ಮಾಲೀಕ ಅಂದುಕೊಳ್ಳುತ್ತೆ. ಆರು ವರ್ಷದಿಂದ ಗೊತ್ತು ನನಗೆ. ಯಾರಾದರೂ ಲಾಕ್ ಆದರೆ ಅದರಿಂದಲೇ ಬಿಡಿಸ್ತಿದ್ದೆ. ನನ್ನ ಶಾರ್ಟ್‌ಕಟ್ ಅದು. ಅವಳು ಸೇರಿದ ಹೊಸದರಲ್ಲಿ ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿದವನೂ ನಾನೇ. ನಾನು ಮಾಡಿದರೆ ಜುಗಾಡ್. ಅವಳು ಮೂರು ಪುಟ ಇಂಗ್ಲಿಷ್ ಬರೆದರೆ ಸಂಶೋಧನೆ.

ಪೇಡೆ ತಿಂದೆ. ಎರಡು ತಿಂದೆ. ಹೊಟ್ಟೆಯ ಉರಿ ಹಾಗೇ ಇದೆ.

21 ಜನವರಿ, ಮಂಗಳವಾರ

ಸುದ್ದಿ ಕನ್ನಡ ಸಂಘದ ವಾಟ್ಸಾಪ್ ಗ್ರೂಪಿಗೂ ಬಂತು. ಅವಳ ಫೋಟೋ, ಕೆಳಗೆ ನಲವತ್ತು ಜನರ ಚಪ್ಪಾಳೆ. ಹೆಂಡತಿ ಶೈಲಶ್ರೀ ರೊಟ್ಟಿ ಬಡಿಯೋದು ಬಿಟ್ಟು ಫೋನ್ ಹಿಡಿದುಕೊಂಡು ಬಂದಳು.

“ಈಕಿ ನಿಮ್ಮ ಆಫೀಸಿನಾಕಿನ ಅಲ್ಲೇನ್ರೀ? ಎಷ್ಟ್ ಶಾಣ್ಯಾಕಿ ಅದಾಳ ನೋಡ್ರಿ!”

“ನಾನ ಕಲಿಸಿದ್ದು ಅದು.”

“ಹಂಗಾರ ನಿಮ್ಮ ಹೆಸರ ಯಾಕ ಇಲ್ಲ?”

ರೊಟ್ಟಿ ಬಿರುಸಾಗಿದೆ ಅಂತ ಜಗಳ ತೆಗೆದೆ. ಮೆತ್ತಗೇ ಇತ್ತು ಪಾಪ.

23 ಜನವರಿ, ಗುರುವಾರ

ತೂತು ಮುಚ್ಚುವ ಹೊಸ ವರ್ಷನ್ ಬಂದಿದೆ. ಹಾಕೋಕೆ ಹೆಡ್ ಆಫೀಸಿನ ಒಪ್ಪಿಗೆ ಬೇಕು. ಅಲ್ಲಿಯವರೆಗೆ ಎಲ್ಲರ ಅಡ್ಮಿನ್ ಹಕ್ಕು ವಾಪಸ್. ನನ್ನದೂ. ಶರ್ಮಿಳಾಗೆ ಮಾತ್ರ ಇರುತ್ತೆ. ಬೇಜಾರು ಮಾಡ್ಕೋಬೇಡ ಅಂತ ಸಂದೇಶ್ ಸರ್ ಹೆಗಲ ಮೇಲೆ ಕೈ ಹಾಕಿದರು: “ವಿಜಯ್, ಬುರಾ ಮತ್ ಮಾನ್‌ನಾ. ಪಾಲಿಸಿ ಹೈ.”

ಹದಿನಾಲ್ಕು ವರ್ಷ. ಇಲ್ಲಿಯ ಒಂದೊಂದು ವೈರ್ ಎಳೆದವನು ನಾನು. ಈಗ ಸ್ಟ್ಯಾಂಡರ್ಡ್ ಯೂಸರ್.

ನನ್ನ ಪಾಸ್‌ವರ್ಡ್ ವಹಿಯನ್ನೂ ಶ್ರೆಡರಿಗೆ ಹಾಕಿಸಿದರು. ಎಲ್ಲರೂ ತಮ್ಮ ಪಾಸ್‌ವರ್ಡ್ ನನ್ನ ವಹಿಯಲ್ಲಿ ಬರೆಸಿಡೋದು ಇಲ್ಲಿಯ ಪದ್ಧತಿ. ಮರೆತರೆ ವಿಜಯ್ ಇದ್ದಾನಲ್ಲ! ಇನ್ನು ಮುಂದೆ ಎಲ್ಲರೂ ಹೊಸದು ಹಾಕಬೇಕು, ಯಾರಿಗೂ ಹೇಳಬಾರದು. ಹೇಳಿದರೆ ಮೆಮೊ.

ಮಧ್ಯಾಹ್ನ ಡಿಸ್ಪ್ಯಾಚಿನ ಸೋಮಣ್ಣ ಮೆಲ್ಲಗೆ ಬಂದರು. ನನ್ನನ್ನು ಈ ಕೆಲಸಕ್ಕೆ ಸೇರಿಸಿದವರೇ ಅವರು. ಮಾರ್ಚ್ ಕೊನೆಗೆ ರಿಟೈರು. ಕಿವಿ ಹತ್ತಿರ ಬಗ್ಗಿ, “ರುದ್ರವ್ವ, ಮುಂದ ನಮ್ಮ ಮದುವಿ ಇಸವಿ. ನಾ ಮರಿತೀನಪಾ, ನಿನ್ನ ತಲ್ಯಾಗ ಇರ್ಲಿ” ಅಂದರು. ಹೆಂಡತಿಯ ಹೆಸರನ್ನೇ ಪಾಸ್‌ವರ್ಡ್ ಮಾಡಿಕೊಂಡಿದ್ದಾರೆ. ಈ ಆಫೀಸಿನಲ್ಲಿ ನನ್ನನ್ನು ಇನ್ನೂ ಅಡ್ಮಿನ್ ಅಂದುಕೊಂಡಿರೋದು ಅವರೊಬ್ಬರೇ.

24 ಜನವರಿ, ಶುಕ್ರವಾರ

ಪ್ರಿಂಟರಿನ ಡ್ರೈವರ್ ಹಾಕಬೇಕಿತ್ತು. ಅದಕ್ಕೂ ಅವಳನ್ನು ಕರೆಯಬೇಕು. ಓಡಿ ಬಂದಳು. ಪಾಸ್‌ವರ್ಡ್ ಹೊಡೆಯುವಾಗ ಕೀಬೋರ್ಡಿಗೆ ಎಡಗೈ ಅಡ್ಡ ಹಿಡಿದಳು. ಹಾಗೆ ಹಿಡಿಯೋಕೆ ಕಲಿಸಿದ್ದೂ ನಾನೇ. ಆಮೇಲೆ ತನ್ನ ಅಪ್ಪನ ಹೋಟೆಲಿನ ಬನ್ಸ್ ಕೊಟ್ಟಳು — ವಾಗ್ಳೆ ಇಂಡಸ್ಟ್ರಿಯಲ್ ಎಸ್ಟೇಟಿನಿಂದ ಇನ್ನೂ ಬೆಚ್ಚಗೆ ತಂದಿದ್ದಳು. ಹಸಿವಿಲ್ಲ ಅಂದೆ. ಹಸಿವಿತ್ತು.

27 ಜನವರಿ, ಸೋಮವಾರ

ಹೆಡ್ ಆಫೀಸಿಗೆ ಅವಳು ರಿಪೋರ್ಟ್ ಬರೀತಿದ್ದಾಳೆ. ಚಹಾ ಹೊತ್ತಿನಲ್ಲಿ ತಾನಾಗಿಯೇ ಹೇಳಿದಳು.

“ಎಂತ ತಲೆಬಿಸಿ ಗೊತ್ತುಂಟಾ ವಿಜಯಣ್ಣ! ಇದು ಮೊದಲೇ ಯಾರಿಗೆಲ್ಲ ಗೊತ್ತಿತ್ತು ಅಂತಲೂ ಬರೀಬೇಕಂತೆ.”

“ಏನು ಬರೆದಿ ಮತ್ತೆ?”

“ಇನ್ನೂ ಮುಗೀಲಿಲ್ಲ ಮಾರಾಯ್ರೆ. ಟೆಸ್ಟ್ ಮಾಡಿದ್ದು ಸೋಮಣ್ಣನ ಪಿಸಿಯಲ್ಲಿ ಅಲ್ವಾ, ಎಲ್ಲ ಅದರಲ್ಲೇ ಲಾಕ್ ಮಾಡಿ ಇಟ್ಟಿದ್ದೇನೆ.”

ನನ್ನ ಮುಖ ನೋಡದೆ ಹೇಳಿದಳು. ಯಾಕೆ ನೋಡಲಿಲ್ಲ? ನನ್ನ ಹೆಸರು ಹಾಕಿರಬಹುದೇ? ಹಾಕಿದ್ದರೆ... ಮೊದಲು ಕಂಡವನು ಅಂತಲೋ, ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದವನು ಅಂತಲೋ? ಮೊದಲನೆಯದಾದರೆ ಇಡೀ ಆಫೀಸಿಗೆ ನಾನೇ ಪೇಡೆ ಹಂಚ್ತೀನಿ. ಎರಡನೆಯದಾದರೆ ಮನೆಗೆ ಕಳಿಸ್ತಾರೆ. ದಿನವೆಲ್ಲ ಇದೇ ಯೋಚನೆ.

28 ಜನವರಿ, ಮಂಗಳವಾರ. ಮಧ್ಯಾಹ್ನ 2.05

ಮಾಡಿಬಿಟ್ಟೆ.

ಊಟದ ಹೊತ್ತು. ಡಿಸ್ಪ್ಯಾಚ್ ಖಾಲಿ. ಅಲ್ಲಿಯ ಕ್ಯಾಮೆರಾ ಲೋಡಿಂಗ್ ಬಾಗಿಲನ್ನು ನೋಡುತ್ತೆ, ಟೇಬಲನ್ನಲ್ಲ. ಅದನ್ನು ಕೂರಿಸಿದವನಿಗೆ ಗೊತ್ತಿರುತ್ತಲ್ಲ. ಸೋಮಣ್ಣನ ಲಾಗಿನ್. ರಿಪೇರಿ. ತಡೆದೆ. ನಲವತ್ತು ಸೆಕೆಂಡಿನಲ್ಲಿ ಮತ್ತೆ ಮಾಲೀಕ. ಸುಳ್ಳು ಯಾಕೆ, ಖುಷಿಯಾಯಿತು.

ಲಾಕ್ ಮಾಡಿದ್ದ ಫೋಲ್ಡರ್ ತೆರೆದುಕೊಂಡಿತು. ರಿಪೋರ್ಟ್ ಒಂಬತ್ತು ಪುಟ. ಏಳನೇ ಪುಟದಲ್ಲಿ ಆ ಪ್ರಶ್ನೆ — ಮೊದಲೇ ಯಾರಿಗೆ ಗೊತ್ತಿತ್ತು? ಕೆಳಗೆ ಒಂದೇ ಸಾಲು. ಯಾರಿಗೂ ಗೊತ್ತಿರಲಿಲ್ಲ.

ಯಾರಿಗೂ!

ಬೈದು ಬರೆದಿದ್ದರೂ ತಡಕೊಳ್ತಿದ್ದೆ. ಇಲ್ಲಿ ನಾನು ಇಲ್ಲವೇ ಇಲ್ಲ. ಆ ಸಾಲನ್ನು ಅಳಿಸಿ ಟೈಪ್ ಮಾಡಿದೆ: ವಿಜಯಕುಮಾರನಿಗೆ, ಆರು ವರ್ಷದಿಂದ. ನೋಡುತ್ತಾ ಕೂತೆ. ಚೆನ್ನಾಗಿ ಕಾಣ್ತಿತ್ತು. ಆಮೇಲೆ ಹೆದರಿಕೆಯಾಗಿ ಅವಳ ಸಾಲನ್ನೇ ವಾಪಸ್ ಹಾಕಿದೆ. ಮುಚ್ಚುವಾಗ ಅಭ್ಯಾಸಬಲದಿಂದ ಕೈ ಸೇವ್ ಒತ್ತಿಬಿಟ್ಟಿತು.

ಒಂದಕ್ಷರ ಬದಲಾಗಿಲ್ಲ. ಯಾರಿಗೆ ತಿಳಿಯುತ್ತೆ?

29 ಜನವರಿ, ಬುಧವಾರ

ಏನೂ ಇಲ್ಲ. ಅವಳಿಗೆ ಹೆಡ್ ಆಫೀಸಿನವರ ಜೊತೆ ಮೀಟಿಂಗು. ನಾನು ಕೀಬೋರ್ಡ್ ಕ್ಲೀನ್ ಮಾಡಿದೆ. ಏಳು ಕೀಬೋರ್ಡ್.

31 ಜನವರಿ, ಶುಕ್ರವಾರ

ತಿಳೀತು.

ಫೈಲ್ ಕೊನೆಗೆ ಯಾವಾಗ ಸೇವ್ ಆಯಿತು ಅಂತ ಶರ್ಮಿಳಾ ನೋಡಿದ್ದಾಳೆ. ಮಂಗಳವಾರ 1.22. ಆ ಹೊತ್ತಿಗೆ ಅವಳು ಸಂದೇಶ್ ಸರ್ ಕ್ಯಾಬಿನ್ನಿನಲ್ಲಿದ್ದಳು. ಯಾರು ಯಾವಾಗ ಏನು ಮಾಡಿದರು ಅಂತ ಮಷೀನೇ ಬರೆದಿಡುವ ಲಾಗ್ ತೆಗೆದರೆ ಸೋಮಣ್ಣನ ಲಾಗಿನ್, ರಿಪೇರಿ, ಅಲ್ಲಿಂದ ಅಡ್ಮಿನ್. ಕಂಪನಿಯ ಒಳಗಿನವರೇ ಯಾರೋ ತೂತನ್ನು ಬಳಸಿದ್ದಾರೆ ಅಂತ ಸಂದೇಶ್ ಸರ್‌ಗೆ ಹೇಳಿದಳು.

ಸೋಮಣ್ಣನನ್ನು ಕರೆಸಿದರು. ರಿಪೇರಿ ಬಟನ್ ಎಲ್ಲಿದೆ ಅಂತಲೇ ಗೊತ್ತಿಲ್ಲದ ಮನುಷ್ಯ. ಕ್ಯಾಂಟೀನಿನಲ್ಲಿ ಊಟ ಮಾಡ್ತಿದ್ದೆ ಅಂದರು. ಪಾಸ್‌ವರ್ಡ್ ಯಾರಿಗೆ ಹೇಳಿದ್ದೀರಿ ಅಂತ ಸಂದೇಶ್ ಸರ್ ಮೂರು ಸಲ ಕೇಳಿದರು. ನಾನು ಅಲ್ಲೇ ಇದ್ದೆ, ಪ್ರೊಜೆಕ್ಟರಿನ ವೈರ್ ಹಿಡಿದುಕೊಂಡು.

“ಕಿಸೀಕೋ ನಹೀ, ಸಾಬ್.”

ಮೂರು ಸಲವೂ ಅದೇ, ಯಾರಿಗೂ ಇಲ್ಲ ಅಂತ. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಮುಂದಿನ ಗುರುವಾರ ಹೊರಗಿನವರು ವಿಚಾರಣೆಗೆ ಬರ್ತಾರೆ. ಅಲ್ಲಿಯವರೆಗೆ ಮನೆಯಲ್ಲಿರಿ ಅಂದಿದ್ದಾರೆ ಸೋಮಣ್ಣನಿಗೆ.

3 ಫೆಬ್ರವರಿ, ಸೋಮವಾರ

ಎರಡು ದಿನ ಬರೆಯಲಿಲ್ಲ.

ಶರ್ಮಿಳಾ ಸರ್ವರ್ ರೂಮಿಗೆ ಕರೆದಳು. “ಸೋಮಣ್ಣ ಅಂಥವರಲ್ಲ. ನಿಮಗೂ ಗೊತ್ತುಂಟು ಅಲ್ವಾ?” ಬಾಗಿಲು ಮುಚ್ಚಿದೆಯಾ ಅಂತ ನೋಡಿದಳು. “ಮತ್ತೆ ವಿಜಯಣ್ಣ... ಆ ಟ್ರಿಕ್ ನೀವು ಕಲಿಸಿದ್ದು ಅಂತ ನಾನು ರಿಪೋರ್ಟಲ್ಲಿ ಹಾಕಲಿಲ್ಲ. ಹಾಕಿದ್ರೆ, ಆರು ವರ್ಷ ಗೊತ್ತಿದ್ದೂ ಸುಮ್ಮನೆ ಕೂತಿದ್ರು ಅಂತ ನಿಮ್ಮನ್ನೇ ಹಿಡೀತಿದ್ರು. ಬೇಜಾರು ಮಾಡ್ಬೇಡಿ ಆಯ್ತಾ?”

ಆಯ್ತು ಅಂದೆ. ಹೊರಗೆ ಬಂದು ಮುಖ ತೊಳೆದುಕೊಂಡೆ. ಬುದ್ಧಿ ಇದೆ, ಹೆಸರಿದೆ, ಅಡ್ಮಿನ್ ಹಕ್ಕಿದೆ. ಈಗ ದೊಡ್ಡ ಮನಸ್ಸೂ ಇದೆಯಂತೆ! ಒಂದನ್ನಾದರೂ ನನಗೆ ಬಿಡಬಾರದಿತ್ತೇ?

4 ಫೆಬ್ರವರಿ, ಮಂಗಳವಾರ

ಸಂಜೆ ಟ್ರೇನಿನಲ್ಲಿ ಕಲ್ಯಾಣ್‌ಗೆ ಹೋಗಿದ್ದೆ, ಸೋಮಣ್ಣನ ಮನೆಗೆ. ಶೈಲಶ್ರೀ ಶೇಂಗಾ ಹೋಳಿಗೆ ಕಟ್ಟಿಕೊಟ್ಟಿದ್ದಳು. ರುದ್ರವ್ವಕ್ಕ ಡಬ್ಬಿ ತೆಗೆದುಕೊಂಡು ಹಾಗೇ ನಿಂತರು. “ಇಪ್ಪತ್ತೇಳ್ ವರ್ಷದಾಗ ಒಂದ್ ದಿನಾನೂ ಲೇಟಾಗಿ ಹೋದವರಲ್ಲ. ಈಗ ಕಳ್ಳ ಅಂತ ಹೊರಗ ಹಾಕ್ತಾರೇನಪಾ ವಿಜೂ?”

ಸೋಮಣ್ಣ ಅವರನ್ನು ಸುಮ್ಮನಿರಿಸಿದರು. ನನ್ನನ್ನು ಬಿಡೋಕೆ ಮೆಟ್ಟಿಲಿಳಿದು ಗೇಟಿನ ತನಕ ಬಂದರು. ಕೇಳಿಯೇಬಿಟ್ಟೆ, ಪಾಸ್‌ವರ್ಡ್ ನನಗೆ ಹೇಳಿದ್ದನ್ನು ಯಾಕೆ ಹೇಳಲಿಲ್ಲ ಅಂತ.

“ನೀ ಅಂಥಾವಲ್ಲಂತ ನನಗ ಗೊತ್ತೈತಿ. ಸುಮ್ನ ನಿನ್ನ ಹೆಸರು ಯಾಕ ನಡುವ ತರ್ಲಿ? ನಿಂದು ಇನ್ನಾ ಹದಿನೈದ್ ವರ್ಷ ನೌಕರಿ ಐತಿ. ನಂದು ಎರಡ ತಿಂಗಳು.”

ಆಗಲೇ ಹೇಳಬೇಕಿತ್ತು. ಬಾಯಿ ತೆರೆದಿದ್ದೆ ಕೂಡ. ಹುಷಾರಾಗಿ ಹೋಗು ಅಂದರು. ಬಂದುಬಿಟ್ಟೆ. ನನ್ನ ಬಗ್ಗೆ ನನಗೇ ಹೇಸಿಗೆ.

6 ಫೆಬ್ರವರಿ, ಗುರುವಾರ. ಬೆಳಿಗ್ಗೆ 10.40, ಕಾನ್ಫರೆನ್ಸ್ ರೂಮಿನ ಹೊರಗೆ

ಗಾಜಿನಾಚೆ ಶರ್ಮಿಳಾ ಲಾಗ್ ತೋರಿಸಿ ವಿವರಿಸುತ್ತಿದ್ದಾಳೆ. ಹೊರಗಿನಿಂದ ಬಂದ ಇಬ್ಬರೂ ತಲೆದೂಗುತ್ತಿದ್ದಾರೆ. ಒಬ್ಬ ಅವಳ ಮಾತನ್ನು ಬರೆದುಕೊಂಡ. ಇಂಥ ಹೊತ್ತಿನಲ್ಲೂ ಹೊಟ್ಟೆ ಉರಿಯಿತು. ನನ್ನ ಮಾತನ್ನು ಹಾಗೆ ಯಾರೂ ಬರೆದುಕೊಂಡಿಲ್ಲ.

ಇವತ್ತು ಬರೆದುಕೊಳ್ಳುತ್ತಾರೆ. ಏನು ಹೇಳಬೇಕು ಅಂತ ನಿನ್ನೆ ಕಾಗದದ ಮೇಲೆ ಬರೆದು ನೋಡಿದೆ. ನಾಲ್ಕು ಸಲ. ಪ್ರತಿ ಸಲ ಮೊದಲ ಸಾಲು ಅದೇ ಬಂತು — ಈ ತೂತನ್ನು ಮೊದಲು ಕಂಡವನು ನಾನು. ಹೊಡೆದುಹಾಕಿದೆ. ಮತ್ತೆ ಅದೇ ಬಂತು. ತಪ್ಪು ಒಪ್ಪಿಕೊಳ್ಳೋಕೆ ಹೊರಟಾಗಲೂ ಅವಳಿಗಿಂತ ಮುಂದೆ ನಿಲ್ಲಬೇಕು ನನಗೆ.

ಪಕ್ಕದಲ್ಲಿ ಸೋಮಣ್ಣ. ಇಸ್ತ್ರಿ ಮಾಡಿದ ಅಂಗಿ. ಐಡಿ ಕಾರ್ಡನ್ನು ಕೊರಳಿಂದ ತೆಗೆದು ಕೈಯಲ್ಲಿ ಇಟ್ಟುಕೊಂಡಿದ್ದಾರೆ, ಕೇಳಿದ ಕೂಡಲೇ ಕೊಡೋಕೆ. “ನೀ ಸಂಗಾಟ ಬಂದು ಕುಂತೆಲ್ಲ, ಅಷ್ಟ ಸಾಕಪಾ” ಅಂದರು. ನಾನು ಬರೆಯೋದನ್ನು ಆಫೀಸಿನ ಕೆಲಸ ಅಂದುಕೊಂಡಿದ್ದಾರೆ.

ಬಾಗಿಲು ತೆರೆಯಿತು. ಸೋಮಣ್ಣನ ಹೆಸರು ಕರೆದರು. ಕಾರ್ಡ್ ಸರಿಮಾಡಿಕೊಳ್ಳುತ್ತಿದ್ದಾರೆ. ಅವರು ಏಳುವ ಮೊದಲು ನಾನೇ ಎದ್ದು ಒಳಗೆ—