ಹಕ್ಕಿ ಕಾಯುವ ಕೆಲಸ

ಕಾರವಾರದ ಕಡೆಯಿಂದ
೧೨-೫-೧೯೭೮

ಹತ್ತಿಮತ್ತೂರಿನ ಅಕ್ಕ ಅನ್ನವ್ವಳಿಗೆ ತಮ್ಮ ಫಕೀರಪ್ಪನ ನಮಸ್ಕಾರ.

ಅಕ್ಕಾ, ಅರಣ್ಯ ಇಲಾಖೆಯವರು ನನ್ನನ್ನು ಸಮುದ್ರದೊಳಗಿನ ಒಂದು ನಡುಗಡ್ಡೆಗೆ ಹಾಕಿದ್ದಾರೆ. ಇಲ್ಲಿ ನಾನೊಬ್ಬನೇ. ಎಂಟು ದಿನಕ್ಕೊಮ್ಮೆ ದೋಣಿ ಬಂದು ನೀರು, ಅಕ್ಕಿ ಕೊಟ್ಟು ಹೋಗುತ್ತದೆ. ನಮ್ಮ ಸವಣೂರಿನವರೇ ಆದ ಸಾಹೇಬರು "ನೀ ಹಕ್ಕಿ ಕಾಯಬೇಕಪಾ" ಎಂದಾಗ ನಕ್ಕಿದ್ದೆ. ಜೋಳದ ಹೊಲದಲ್ಲಿ ಅಟ್ಟಣಿಗೆ ಹತ್ತಿ, ಕೂಗಿ ಕೂಗಿ ಗಿಳಿ ಓಡಿಸಿದ ನಮಗೆ ಹಕ್ಕಿ ಕಾಯುವುದನ್ನು ಯಾರು ಕಲಿಸಬೇಕು?

ಇಲ್ಲಿಯ ಬಿಳಿ ಕಡಲಹಕ್ಕಿಗಳು ಗೂಡು ಕಟ್ಟುವುದಿಲ್ಲ, ಬರೀ ಬಂಡೆಯ ಮೇಲೆ ಮೊಟ್ಟೆ ಇಡುತ್ತವೆ. ಬಂದ ಎರಡನೇ ದಿನವೇ ಎರಡು ಕಾಗೆ ಮೊಟ್ಟೆಗೆ ಹೊಂಚು ಹಾಕಿದವು. ನಾನು ರೂಢಿಯಂತೆ "ಹೋ... ಹೋ..." ಎಂದು ಕೂಗಿಬಿಟ್ಟೆ. ಕಾಗೆ ಹೆದರಲಿಲ್ಲ. ಸಾವಿರ ಹಕ್ಕಿ ಮೊಟ್ಟೆ ಬಿಟ್ಟು ಎದ್ದು ಹೋದವು. ಅವು ತಿರುಗಿ ಬರುವಷ್ಟರಲ್ಲಿ ಕಾಗೆ ತಿಂದವೆಷ್ಟೋ, ಬಿಸಿಲಿಗೆ ಬೆಂದವೆಷ್ಟೋ. ಮರುದಿನ ತಪಾಸಣೆಗೆ ಬಂದ ಸಾಹೇಬರಿಗೆ ಇದನ್ನು ಹೇಳಿದೆ, ಅವರು ಬಯ್ಯಲಿಲ್ಲ. "ಇಲ್ಲೆ ಕಾಯೋದಂದ್ರ ಓಡ್ಸೋದಲ್ಲೋ, ಸುಮ್ಮನ ಇರೋದು" ಎಂದರು.

ಅಂದಿನಿಂದ ಸುಮ್ಮನಿದ್ದೇನೆ. ಇಪ್ಪತ್ತು ದಿನವಾಯಿತು. ಇವತ್ತು ದೋಣಿಯವನು "ಆರಾಮೇನು?" ಎಂದು ಕೇಳಿದರೆ ನನಗೆ ದನಿಯೇ ಹೊರಡಲಿಲ್ಲ.

ಮೈಯಲ್ಲಿ ಆರಾಮ ಇದ್ದೇನೆ. ಉಪ್ಪುಗಾಳಿಗೆ ತುಟಿ ಒಡೆದಿದೆ, ಅಷ್ಟೇ. ದೋಣಿ ಹೊರಡುತ್ತಿದೆ, ಕಾರ್ಡಿನಲ್ಲೂ ಜಾಗವಿಲ್ಲ. ಈ ಸಲ ಜೋಳ ತೆನೆಗಟ್ಟಿ ನೀನು ಅಟ್ಟಣಿಗೆ ಹತ್ತಿದಾಗ, ನನ್ನದೂ ಒಂದು ಕೂಗು ಕೂಗಿಬಿಡು.

ನಿನ್ನ ತಮ್ಮ
ಫಕೀರಪ್ಪ