ದ್ವೀಪಕ್ಕೆ ಬೆಳಗಿನ ವಿಮಾನ

ಮಾರ್ಚ್ ೯, ಬೆಳಿಗ್ಗೆ

ಇದನ್ನು ಇಲ್ಲಿಯೂ ಬರೆಯದೆ ಬಿಡೋಣ ಎಂದುಕೊಂಡಿದ್ದೆ. ಆ ದ್ವೀಪದಲ್ಲಿ ನನ್ನ ಅಕ್ಕ ಇದ್ದಾಳೆ.

ಕಾಫಿ ಆಯಿತು. ಫೈಲು ಮತ್ತೊಮ್ಮೆ ಓದಿದೆ. ದ್ವೀಪಕ್ಕೆ ಇರುವುದು ಒಂದೇ ವಿಮಾನ. ಪ್ರಯಾಣಿಕರೇ ಇಲ್ಲ, ನಿಲ್ಲಿಸಲು ಅನುಮತಿ ಕೊಡಿ ಎಂದು ಕಂಪನಿಯ ಅರ್ಜಿ. ಕೊನೆಯ ಪುಟದಲ್ಲಿ ಮೆತ್ತಗೆ ಇನ್ನೊಂದು ಕೋರಿಕೆ — ಆ ವಿಮಾನಕ್ಕೆಂದು ಇಲ್ಲಿನ ಏರ್‌ಪೋರ್ಟಿನಲ್ಲಿ ಕೊಟ್ಟ ಬೆಳಗಿನ ಸ್ಲಾಟ್, ಅಂದರೆ ವಿಮಾನ ಏರಿಳಿಸುವ ಸಮಯ, ಮಾತ್ರ ನಮ್ಮಲ್ಲೇ ಇರಲಿ. ಬೆಳಗಿನ ಹೊತ್ತು ಇಲ್ಲಿ ರನ್‌ವೇ ಸಿಗಲು ಕಂಪನಿಗಳು ವರ್ಷಗಟ್ಟಲೆ ಕಾಯುತ್ತವೆ. ದ್ವೀಪ ಬೇಡ, ಅದರ ಸಮಯ ಬೇಕು!

ತೀರ್ಮಾನಿಸುವ ನಿಯಂತ್ರಣ ಮಂಡಳಿಯಲ್ಲಿ ಮೂವರು. ನಾನೊಬ್ಬಳು. ಭಾವನಿಗೆ ತಿಂಗಳಿಗೊಮ್ಮೆ ಕಣ್ಣಿಗೆ ಇಂಜೆಕ್ಷನ್, ಇಲ್ಲಿನ ಆಸ್ಪತ್ರೆಯಲ್ಲಿ. ತಪ್ಪಿದರೆ ಇರುವಷ್ಟು ದೃಷ್ಟಿಯೂ ಹೋಗುತ್ತದೆ. ಹಡಗನ್ನು ನಂಬುವಂತಿಲ್ಲ. ಸಮುದ್ರ ಒಪ್ಪಬೇಕು.

ಅಕ್ಕನ ವಿಷಯ ಹೇಳಿದರೆ ಈ ಕೇಸಿನಿಂದ ಹೊರಗೆ. ಹೇಳದಿದ್ದರೆ... ನನ್ನದೊಂದು ವೋಟು ಉಳಿಯುತ್ತದೆ.

ಸಂಜೆ

ಅಕ್ಕನ ಫೋನು.

“ಪುಟ್ಟೀ, ಮುಂದಿನ ತಿಂಗಳ ಇಂಜೆಕ್ಷನ್‌ಗೂ ಟಿಕೆಟ್ ಸಿಗ್ತಿಲ್ಲ ಕಣೇ. ಯಾವ ದಿನ ಒತ್ತಿದ್ರೂ ಫುಲ್ ಅಂತ ತೋರಿಸುತ್ತೆ.”

ಹಿಂದಿನಿಂದ ಭಾವ ಫೋನು ಕಿತ್ತುಕೊಂಡ. “ಫುಲ್ಲಂತೆ ಫುಲ್ಲು! ಇವತ್ತು ಇಳಿದವರು ಇಬ್ಬರು ಕಣಮ್ಮ. ಅದ್ರಲ್ಲಿ ಒಬ್ಬ ಪೈಲಟ್. ನನ್ನ ಕಣ್ಣು ಮಂಜಾಗಿದೆ, ಅಷ್ಟೊಂದೇನೂ ಮಂಜಾಗಿಲ್ಲ.”

ನಕ್ಕೆ. ಕೇಸಿನ ಮಾತು ಎತ್ತಲಿಲ್ಲ. ಆಮೇಲೆ ನಗು ನಿಂತಿತು. ಕೊಳ್ಳಲು ಹೋದರೆ ಫುಲ್, ಇಳಿದಾಗ ಖಾಲಿ. ಎರಡೂ ಹೇಗೆ?

ಮಾರ್ಚ್ ೧೦

ಮಂಡಳಿಯ ಅಧ್ಯಕ್ಷರಿಗೆ ಎಲ್ಲ ಹೇಳಿಬಿಟ್ಟೆ. ಅಕ್ಕ, ಭಾವ, ಟಿಕೆಟ್. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಹೇಳದೇ ಇದ್ದಿದ್ರೆ ಯಾರಿಗಮ್ಮ ಗೊತ್ತಾಗ್ತಿತ್ತು?”

“ಕಂಪನಿಯ ವಕೀಲರಿಗೆ ಸರ್. ಆದೇಶ ಹೊರಬಿದ್ದ ಮಾರನೇ ದಿನ.”

ಇದು ಪ್ರಾಮಾಣಿಕತೆಯೋ ಲೆಕ್ಕಾಚಾರವೋ? ಎರಡೂ ಇರಬೇಕು.

“ನೀವು ವೋಟು ಹಾಕೋ ಹಾಗಿಲ್ಲ. ಟಿಕೆಟ್ ಪ್ರಶ್ನೆ ನಾನು ಕೇಳ್ತೀನಿ. ನೀವು ಹಿಂದಿನ ಸಾಲಲ್ಲಿ ಕೂತು ನೋಡಿ, ಬೇಕಿದ್ರೆ.”

ಮಾರ್ಚ್ ೧೯, ವಿಚಾರಣೆ ಮುಗಿದು

ಹಿಂದಿನ ಸಾಲಿನ ಕುರ್ಚಿಗಳು ಕಿರುಗುಟ್ಟುತ್ತವೆ. ಇಷ್ಟು ವರ್ಷ ಮುಂದೆ ಕೂತವಳಿಗೆ ಗೊತ್ತೇ ಇರಲಿಲ್ಲ.

ಕಂಪನಿಯ ವಕೀಲರು ಖಾಲಿ ಸೀಟುಗಳ ಬಗ್ಗೆ ಅತ್ತಂತೆಯೇ ಮಾತಾಡಿದರು. ಅಧ್ಯಕ್ಷರು ಕೇಳಿದ್ದು ಒಂದೇ — “ಟಿಕೆಟ್ ಮಾರಾಟ ಯಾವಾಗ ಶುರು ಮಾಡ್ತೀರಿ?”

ವಕೀಲರು ಏಳುವ ಮೊದಲೇ ಪಕ್ಕದಲ್ಲಿದ್ದ ಕಂಪನಿಯ ದರ ಮ್ಯಾನೇಜರ್ ಎದ್ದ. ತನ್ನ ಕೆಲಸದ ಬಗ್ಗೆ ಒಬ್ಬರು ಕೇಳಿದರಲ್ಲ ಎಂಬ ಖುಷಿ, ಪಾಪ.

“ವಿಮಾನ ಹೊರಡೋ ಹಿಂದಿನ ದಿನ ಸಂಜೆ ಸರ್. ಅಲ್ಲೀವರೆಗೂ ಎಲ್ಲ ಸೀಟೂ ಬ್ಲಾಕ್. ವಿದೇಶದಿಂದ ಬಂದು ಇಲ್ಲಿ ವಿಮಾನ ಬದಲಿಸೋರಿಗೆ ಅಂತ. ಅವರಿಂದ ಒಳ್ಳೇ ದರ ಬರುತ್ತೆ.”

“ಅಂಥವರು ದ್ವೀಪಕ್ಕೆ ಬರ್ತಾರಾ?”

“ಬರಲ್ಲ ಸರ್. ಆದ್ರೂ ನಮ್ಮಲ್ಲಿ ಎಲ್ಲಾ ರೂಟಿಗೂ ಒಂದೇ ಶಿಸ್ತು.”

ವಕೀಲರು ತೋಳು ಹಿಡಿದು ಎಳೆದರು. ತಡವಾಗಿತ್ತು. ಅಧ್ಯಕ್ಷರು ಬಿಡಲಿಲ್ಲ.

“ಅಂಗಡಿ ಬಾಗಿಲು ಹಾಕ್ಕೊಂಡು ಕೂತು ಗಿರಾಕಿ ಬರಲ್ಲ ಅಂತೀರಲ್ರೀ!”

ಸಭಾಂಗಣಕ್ಕೆ ಸಭಾಂಗಣವೇ ನಕ್ಕಿತು. ನನ್ನ ಕುರ್ಚಿಯೂ ಕಿರುಗುಟ್ಟಿತು.

ಏಪ್ರಿಲ್ ೨

ಆದೇಶ ಓದಿದರು. ಇಬ್ಬರು ಸದಸ್ಯರದೂ ಒಂದೇ ಅಭಿಪ್ರಾಯ. ದ್ವೀಪದ ಮಾರ್ಗ ಬಿಟ್ಟರೆ ಸ್ಲಾಟನ್ನೂ ಬಿಡಬೇಕು. ಇಟ್ಟುಕೊಂಡರೆ ಸೀಟುಗಳನ್ನು ತಿಂಗಳುಗಳ ಮೊದಲೇ ಮಾರಾಟಕ್ಕಿಡಬೇಕು.

ಊಟದ ಹೊತ್ತಿಗೆ ಕಂಪನಿ ಬಾಗಿತು. ಮಾರ್ಗ ಬಿಡುವುದಿಲ್ಲವಂತೆ! ಸ್ಲಾಟ್ ಹೋಗುತ್ತದೆ ಎಂದೊಡನೆ ದ್ವೀಪದ ಮೇಲೆ ಎಂಥ ಪ್ರೀತಿ.

ನನ್ನ ಸಹಿ ಇಲ್ಲ. ಬೇಸರವೇ? ಹುಡುಕಿ ನೋಡಿದೆ, ಇಲ್ಲ. ಮೆಟ್ಟಿಲಿಳಿಯುವಾಗ ಕುಣಿದೆನೇ? ಸ್ವಲ್ಪ.

ಏಪ್ರಿಲ್ ೧೪

ಭಾವ ಬಂದಿದ್ದ. ಇಂಜೆಕ್ಷನ್ ಆಯಿತು. ಕಣ್ಣು ಇದ್ದಷ್ಟೂ ಉಳಿದಿದೆ ಎಂದರು ಡಾಕ್ಟರು. ಅವನಿಗೆ ಅದಕ್ಕಿಂತ ದೊಡ್ಡ ದೂರು ಬೇರೆ ಇತ್ತು.

“ವಿಮಾನ ತುಂಬಿಹೋಗಿತ್ತು ಕಣಮ್ಮ. ಕಿಟಕಿ ಸೀಟು ಸಿಗಲಿಲ್ಲ. ಎಲ್ಲಾ ನಿನ್ನಿಂದ!”

“ಕ್ಷಮಿಸಿ ಭಾವ.”

“ಕ್ಷಮಿಸಲ್ಲ. ಆ ಆರ್ಡರಿನ ಕಾಪಿ ಕಳ್ಸು, ಸೀಲು ಹೊಡೆದಿದ್ದು. ನನ್ನ ರೇಡಿಯೋ ರಿಪೇರಿ ಅಂಗಡೀಲಿ ಫ್ರೇಮ್ ಹಾಕಿಸ್ತೀನಿ. ವೋಟೇ ಹಾಕದೆ ನಮ್ಮ ನಾದಿನಿ ಗೆದ್ದ ಕೇಸು ಅಂತ ಕೆಳಗೆ ಬರೆಸ್ತೀನಿ.”

ಏಪ್ರಿಲ್ ೧೫, ಸಂಜೆ

ಸೀಲು ಹೊಡೆದ ಕಾಪಿ ಬಂತು. ಗೆಜೆಟ್‌ನಲ್ಲಿ ಪ್ರಕಟವಾಗುವ ತನಕ ಕಚೇರಿಯಿಂದ ಆಚೆ ಕಳಿಸುವಂತಿಲ್ಲ. ಕವರಿನ ಮೇಲೆ ಅಕ್ಕನ ವಿಳಾಸ ಬರೆದು ಅಂಚೆಚೀಟಿ ಅಂಟಿಸಿ ಡ್ರಾಯರಿನಲ್ಲಿಟ್ಟೆ. ಆಗಲೇ ಭಾವನ ಫೋನು — ಗೋಡೆಗೆ ಮೊಳೆ ಹೊಡೆದಾಗಿದೆಯಂತೆ. ರೂಲ್ಸು ಭಾವ, ಎಂದೆ. ಬೈದ.

ದ್ವೀಪದ ಟಪಾಲೂ ಹೋಗುವುದು ಬೆಳಗಿನ ವಿಮಾನದಲ್ಲೇ. ಈಗ ಹೊಳೆಯಿತು. ಪೋಸ್ಟ್ ಮಾಡುವುದು ಏಪ್ರಿಲ್ ೨೪ಕ್ಕೆ, ಗೆಜೆಟ್ ಹೊರಬರುವ ದಿನವೇ.